"ಬಂಗಾಳಿಗಳು ಹೇಳದೆ ಹೋಗುತ್ತಾರೆ": ಅಡಿಕೆ ಬೆಳೆಗಾರರ ಕೂಟವೊಂದರ ಪ್ರಕರಣ

ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ, ಕಾಸರಗೋಡು ಜಿಲ್ಲೆಯ ಒಳನಾಡಿನ ಒಂದು ಪಂಚಾಯತಿನಲ್ಲಿ ನಡೆದ ಸಂಗತಿ ಇದು. ಆಳುಗಳ ಕೊರತೆಯಿಂದ ಸೋತ ಸುಮಾರು 30 ಅಡಿಕೆ ಬೆಳೆಗಾರರು ಸೇರಿ, ಕೆಲಸದವರನ್ನು ಒಟ್ಟಾಗಿ ಗೊತ್ತುಮಾಡಿ ಸರದಿಯಂತೆ ತೋಟದಿಂದ ತೋಟಕ್ಕೆ ಕಳಿಸುವ ಒಂದು ಕೂಟ ಕಟ್ಟಿಕೊಂಡಿದ್ದರು. ಆ ಕೂಟದ ಸಭೆಗಳ ನಡಾವಳಿ ಬರೆಯುವ ಕೆಲಸ ನನ್ನದಾಗಿತ್ತು. ಹೆಸರು, ಊರು, ವರ್ಷಗಳನ್ನು ಇಲ್ಲಿ ಬಿಟ್ಟಿದ್ದೇನೆ. ಯಾರ ಗುರುತೂ ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಒಂದು ಜನವರ್ಗದ ಬಗ್ಗೆ ನಾವು ಕಟ್ಟಿಕೊಳ್ಳುವ ಪಡಿಯಚ್ಚು ಕಲ್ಪನೆ ಆ ಜನರನ್ನು ನೋಯಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಕಟ್ಟಿಕೊಂಡವರ ಕಣ್ಣಿಗೇ ಅಡ್ಡ ನಿಂತು, ಕೇಳಲೇಬೇಕಾದ ಪ್ರಶ್ನೆಯನ್ನು ಕೇಳದ ಹಾಗೆ ಮಾಡುವುದನ್ನು ಇಷ್ಟು ಹತ್ತಿರದಿಂದ ನಾನು ನೋಡಿದ್ದು ಇಲ್ಲಿಯೇ. ಹಾಗಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಅಡಿಕೆ ಬೆಳೆಯುವವರಿಗೆ ಮಳೆಗಾಲವೆಂದರೆ ಕೊಳೆರೋಗದ ಭಯ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲೇ, ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಒಂದು ಮದ್ದು ಬಿಟ್ಟಾಗಬೇಕು. 40-45 ದಿನ ಕಳೆದು ಎರಡನೆಯದು. ಮಳೆ ಬಿಡದೆ ಹೊಡೆದರೆ ಮೂರನೆಯದೂ ಬೇಕಾಗುತ್ತದೆ. ಇವುಗಳಲ್ಲಿ ಎರಡನೆಯ ಮದ್ದೇ ಕಷ್ಟದ್ದು. ಜುಲೈ ತಿಂಗಳಲ್ಲಿ ಮಳೆ ಒಂದೆರಡು ದಿನ ಹೊಳವಾದಾಗ ಸಿಕ್ಕಿದ ಹೊತ್ತಿನಲ್ಲಿ ಮುಗಿಸಬೇಕು. ತಪ್ಪಿದರೆ ಎಳೆಕಾಯಿಯ ತೊಟ್ಟಿನ ಹತ್ತಿರ ನೀರು ನೆನೆದಂಥ ಕಡುಹಸಿರು ಮಚ್ಚೆ ಬೀಳುತ್ತದೆ, ಬಿಳಿ ಬೂಸ್ಟು ಹಿಡಿಯುತ್ತದೆ, ಬುಡದ ತುಂಬ ಕಾಯಿ ಉದುರುತ್ತದೆ. ಒಂದು ವರ್ಷದ ಬದುಕು ಹಾಗೆ ಉದುರುವುದನ್ನು ನೋಡಿದವರಿಗೆ ಆ ಭಯ ಏನೆಂದು ಹೇಳಬೇಕಾಗಿಲ್ಲ.

ಮರ ಹತ್ತುವವರು, ದೋಟಿ ಹಿಡಿಯುವವರು ಊರಿನವರೇ. ಆದರೆ ಪಂಪು ನೋಡಲು, ಪೈಪು ಎಳೆಯಲು, ಮದ್ದು ಕಲಸಲು, ಉಳಿದ ದಿನಗಳಲ್ಲಿ ಗೊಬ್ಬರ ಹೊರಲು, ಮಣ್ಣು ಹಾಕಲು ಜನ ಇಲ್ಲ. ಊರಿನ ಹುಡುಗರು ಗಲ್ಫಿಗೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗಿಯಾಯ್ತು. ಆ ಜಾಗಕ್ಕೆ ಬಂದವರು ಹೊರರಾಜ್ಯದವರು. ಕೇರಳ ಸರಕಾರ ಇವರನ್ನು ಅತಿಥಿ ಕಾರ್ಮಿಕರೆಂದು ಕರೆಯುತ್ತದೆ. ರಾಜ್ಯದಲ್ಲಿ ಇಂಥವರು ಸುಮಾರು 25 ಲಕ್ಷ ಇರಬಹುದೆಂದು ತಿರುವನಂತಪುರದ ಗುಲಾಟಿ ಹಣಕಾಸು ಮತ್ತು ತೆರಿಗೆ ಸಂಸ್ಥೆ 2013ರಲ್ಲಿ ಅಂದಾಜು ಮಾಡಿತ್ತು. ಊರಿನ ಬಾಯಲ್ಲಿ ಅವರೆಲ್ಲ "ಬಂಗಾಳಿಗಳು". ಒಡಿಶಾದವರೂ, ಜಾರ್ಖಂಡದವರೂ, ಬಿಹಾರದವರೂ, ಅಸ್ಸಾಮಿನವರೂ.

ಕೂಟದಲ್ಲಿ ಹವ್ಯಕರು, ತುಳುವರು, ಕರಾಡರು, ಮರಾಠಿ ಮನೆಮಾತಿನವರು, ಬ್ಯಾರಿ ಮನೆಮಾತಿನವರು ಎಲ್ಲರೂ ಇದ್ದರು. ಸಭೆ ಕನ್ನಡದಲ್ಲಿ, ಮಾತು ಬಿಸಿಯಾದರೆ ತುಳುವಿನಲ್ಲಿ. ಅಧ್ಯಕ್ಷರು ನಿವೃತ್ತ ಕನ್ನಡ ಅಧ್ಯಾಪಕರು, ಊರಿಗೆಲ್ಲ ಮಾಸ್ಟ್ರು. ಕಾರ್ಯದರ್ಶಿ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು. ಮನೆಯ ತೋಟದ ಲೆಕ್ಕಾಚಾರವೆಲ್ಲ ಅವರ ಕೈಯಲ್ಲೇ. ಕೆಲಸದವರನ್ನು ತರುವುದು, ಕೂಲಿ ಬಟವಾಡೆ ಮಾಡುವುದು ಒಬ್ಬ ಮೇಸ್ತ್ರಿಯ ಮೂಲಕ.

ಸಮಸ್ಯೆ

ಒಂದು ಜುಲೈಯಲ್ಲಿ ಎರಡನೆಯ ಮದ್ದಿಗೆ ಎಲ್ಲ ತಯಾರಿಯಾಗಿತ್ತು. ಬೆಳಗ್ಗೆ ನೋಡಿದರೆ ಹನ್ನೆರಡು ಜನರ ತಂಡದಲ್ಲಿ ಎಂಟು ಮಂದಿ ಇಲ್ಲ. ಶೆಡ್ಡಿನಲ್ಲಿ ಅವರ ಚೀಲಗಳೂ ಇಲ್ಲ. ಮೇಸ್ತ್ರಿ ಫೋನು ತೆಗೆಯಲಿಲ್ಲ. ಹೊಳವಾದ ಎರಡು ದಿನ ಹಾಗೆಯೇ ಕಳೆದುಹೋಯಿತು, ಆಮೇಲೆ ಮಳೆ ಬಿಡಲಿಲ್ಲ, ಕೆಲವು ತೋಟಗಳಲ್ಲಿ ಕೊಳೆ ಹಿಡಿಯಿತು.

ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಹಿಡಿದ ದಾರಿಯನ್ನು ನೋಡಬೇಕು. ಸಭೆಯಲ್ಲಿ ಒಬ್ಬರು ಹೇಳಿದರು: "ಬಂಗಾಳಿಗಳನ್ನು ನಂಬಿದರೆ ಇಷ್ಟೇ ಮಾರಾಯ್ರೇ. ಹೇಳುವುದಿಲ್ಲ, ಕೇಳುವುದಿಲ್ಲ, ಓಡುತ್ತಾರೆ." ಇನ್ನೊಬ್ಬರು ಎಂದೋ ತಮ್ಮ ಭಾವನ ಮನೆಯಲ್ಲಿ ನಡೆದದ್ದನ್ನು ಸೇರಿಸಿದರು. ಮತ್ತೊಬ್ಬರು ಪೇಪರಿನಲ್ಲಿ ಓದಿದ್ದನ್ನು. ಅರ್ಧ ಗಂಟೆಯಲ್ಲಿ ಎಂಟು ಜನರ ಗೈರುಹಾಜರಿ ಲಕ್ಷಾಂತರ ಜನರ ಸ್ವಭಾವವಾಗಿ ಬಿಟ್ಟಿತು. ಕಾರ್ಯದರ್ಶಿ ಕೇಳಿದರು: "ಹೋದವರು ಎಲ್ಲಿಯವರು?" "ಬಂಗಾಳದವರು." "ಬಂಗಾಳದಲ್ಲಿ ಯಾವ ಊರು?" ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷ ತಮ್ಮ ತೋಟದಲ್ಲಿ ದುಡಿದವರ ಪೂರ್ತಿ ಹೆಸರೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಈ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲವೆಂದು ನನಗೆ ಅನಿಸುತ್ತದೆ. "ಯಾಕೆ ಹೋದರು?" ಎಂಬ ಪ್ರಶ್ನೆ ಇರಬೇಕಾದ ಜಾಗದಲ್ಲಿ ಉತ್ತರ ಮೊದಲೇ ಕುಳಿತಿತ್ತು.

ನಾವು ಮೊದಲು ನೋಡಿ ಆಮೇಲೆ ಅರ್ಥಮಾಡಿಕೊಳ್ಳುವುದು ಅಪರೂಪ, ಮೊದಲು ಅರ್ಥ ನಿಶ್ಚಯಿಸಿ ಆಮೇಲೆ ನೋಡುತ್ತೇವೆ ಎಂದು ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲೇ ಬರೆದಿದ್ದರು. ಪಡಿಯಚ್ಚು ಕಲ್ಪನೆಯ ಬಗ್ಗೆ ಸಮಾಜವಿಜ್ಞಾನದ ಚರ್ಚೆ ಶುರುವಾದದ್ದು ಅಲ್ಲಿಂದ. ಸಾವಿರ ಮುಖಗಳ ಜಗತ್ತನ್ನು ಸಂಭಾಳಿಸಲು ಮನಸ್ಸಿಗೆ ಇಂಥ ಸುಲಭದ ದಾರಿ ಬೇಕಾಗುತ್ತದೆ, ನಿಜ. ತೊಂದರೆ ಶುರುವಾಗುವುದು ಒಳಗಿನ ವ್ಯತ್ಯಾಸಗಳನ್ನೆಲ್ಲ ಅಳಿಸಿ ಹಾಕಿದ ಮೇಲೆ. ನಮ್ಮವರಲ್ಲಿ ನೂರು ಬಗೆ ಇರುವುದು ನಮಗೆ ಕಾಣುತ್ತದೆ. ಹೊರಗಿನವರು ಮಾತ್ರ ಎಲ್ಲ ಒಂದೇ ಹಾಗೆ ಕಾಣುತ್ತಾರೆ.

ಮೊದಲು ಮಾಡಿದ್ದು

"ಎಲ್ಲರ ಆಧಾರ್ ಕಾರ್ಡ್ ತೆಗೆದಿಟ್ಟುಕೊಳ್ಳುವ" ಎಂಬ ಸಲಹೆ ಬಂತು. ಕಾರ್ಯದರ್ಶಿ ಒಪ್ಪಲಿಲ್ಲ, ಇನ್ನೊಬ್ಬರ ದಾಖಲೆಯನ್ನು ಅಡವು ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ, ಹಾಗೆ ಮಾಡುವುದಾದರೆ ಬೇರೆ ಕಾರ್ಯದರ್ಶಿಯನ್ನು ಹುಡುಕಿ ಎಂದರು. ಆ ನಿರ್ಧಾರ ಆ ದಿನ ಎಷ್ಟು ದೊಡ್ಡದಾಗಿತ್ತೆಂದು ಆಮೇಲೆ ಗೊತ್ತಾಯಿತು. ಅದರ ಬದಲು ಹದಿನೈದು ದಿನದ ಕೂಲಿಯನ್ನು ಹಿಡಿದಿಡುವುದೆಂದು ತೀರ್ಮಾನವಾಯಿತು. ಇದಕ್ಕೆ ಅವರ ವಿರೋಧವಿದ್ದರೂ ಬಹುಮತ ಇರಲಿಲ್ಲ.

ಫಲ ತಲೆಕೆಳಗಾಗಿ ಬಂತು. ದೀಪಾವಳಿಯ ಹೊತ್ತಿಗೆ, ಕೊಯ್ಲು ಶುರುವಾಗುವಾಗ, ಹೇಳದೆ ಹೋಗುವವರು ಹೆಚ್ಚಾದರು. ಕೂಟದವರಿಗೆ ಇದು ತಮ್ಮ ಅಭಿಪ್ರಾಯಕ್ಕೆ ಸಿಕ್ಕಿದ ಪುರಾವೆ. ಆದರೆ ಒಳಗಿನ ಲೆಕ್ಕ ಬೇರೆಯಿತ್ತು. ಮೊದಲಿನಿಂದಲೂ ಮೇಸ್ತ್ರಿಯದ್ದೊಂದು ಕ್ರಮವಿತ್ತು: ಊರಿಗೆ ಹೋಗುತ್ತೇನೆಂದು ಹೇಳಿದವರ ಬಾಕಿಯನ್ನೆಲ್ಲ ಅವರು ಮರಳಿ ಬಂದ ಮೇಲೆಯೇ ಕೊಡುವುದು. ಹೇಳದೆ, ಬಟವಾಡೆಯ ಮರುದಿನ ಹೊರಟವರಿಗೆ ಕೈತಪ್ಪುವುದು ಹಿಡಿದಿಟ್ಟದ್ದು ಮಾತ್ರ. ಹೇಳಿದವರಿಗೇ ನಷ್ಟ ಜಾಸ್ತಿ. ಈಗ ಕೂಟವೂ ಹಣ ಹಿಡಿಯತೊಡಗಿದ ಮೇಲೆ ಇದ್ದ ಒಂಚೂರು ನಂಬಿಕೆಯೂ ಹೋಯಿತು. ಒಂದು ತಪ್ಪು ತಿಳಿವಳಿಕೆಯನ್ನು ನಿಜವೆಂದು ನಂಬಿ ನಡೆದರೆ ಆ ನಡೆಯೇ ಅದನ್ನು ನಿಜ ಮಾಡಿಬಿಡುತ್ತದೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ವಿವರಿಸಿದ್ದು ಇಂಥದ್ದನ್ನೇ.

ಇದೇ ಹೊತ್ತಿಗೆ ಉಳಿದ ನಾಲ್ವರಲ್ಲಿ ಒಬ್ಬ ತರುಣನ ಹೆಸರು ಎಲ್ಲರ ಬಾಯಲ್ಲಿ ಬಂತು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಅದಲುಬದಲು ಮಾಡಬಾರದು ಎಂಬುದನ್ನು ಒಂದೇ ಸಲಕ್ಕೆ ಕಲಿತಿದ್ದ. ಪ್ರತಿ ಡ್ರಮ್ಮು ಕಲಸಿದ ಮೇಲೂ ತಿಕ್ಕಿದ ಪೀಶಕತ್ತಿಯ ಅಲಗನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಬೆಳಕಿಗೆ ಹಿಡಿಯುತ್ತಿದ್ದ. ಅಲಗು ಕೆಂಪು ಹಿಡಿದರೆ ಸುಣ್ಣ ಸಾಲದು. ಅರ್ಧ ಹಿಡಿ ಹಾಕಿ ಮತ್ತೆ ಅದ್ದುತ್ತಿದ್ದ. ಊರಿನಲ್ಲೇ ಎಷ್ಟೋ ಮಂದಿ ಈ ಪರೀಕ್ಷೆಯನ್ನು ಬಿಟ್ಟು ಬಹಳ ಕಾಲವಾಗಿತ್ತು. ಇವನನ್ನು ನೋಡಿಯಾದರೂ ಅಭಿಪ್ರಾಯ ಬದಲಾದೀತೆಂದು ಕಾರ್ಯದರ್ಶಿ ಎಣಿಸಿದ್ದರು. ಬದಲಾಗಲಿಲ್ಲ. "ಅವನು ಬೇರೆ. ಅವನು ಬಂಗಾಳಿಗಳ ಹಾಗಲ್ಲ" ಎಂದರು. ಒಳ್ಳೆಯದೊಂದು ಕಣ್ಣೆದುರು ಕಂಡರೆ ಅದನ್ನು ಗುಂಪಿನಿಂದ ತೆಗೆದು ಪ್ರತ್ಯೇಕ ಇಡುವುದು, ಗುಂಪಿನ ಮೇಲಿನ ಮಾತನ್ನು ಹಾಗೆಯೇ ಉಳಿಸಿಕೊಳ್ಳುವುದು. ಒಬ್ಬನನ್ನು ಹೊಗಳಿಯೂ ಒಂದು ಗುಂಪನ್ನು ಹಳಿಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ದೀಪಾವಳಿಗೆ ಎಲ್ಲರಿಗೂ ಊಟ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಹೊರಗಿನ ಅಂಗಳದಲ್ಲಿ ಅವರಿಗೆ ಪ್ರತ್ಯೇಕ ಪಂಕ್ತಿ, ಊಟವಾದ ಮೇಲೆ "ಒಂದು ಬಂಗಾಳಿ ಪದ್ಯ ಹೇಳಿ" ಎಂಬ ಒತ್ತಾಯ. ಅರ್ಧದಷ್ಟು ಮಂದಿಗೆ ಬಂಗಾಳಿಯೇ ಬಾರದು. ಹಾಡದೆ ನಕ್ಕು ಸುಮ್ಮನಾದರು. ಬರಿಯ ಒಡನಾಟದಿಂದ ಪೂರ್ವಗ್ರಹ ಕರಗುವುದಿಲ್ಲ, ಸಮಾನ ಸ್ಥಾನ ಬೇಕು, ಇಬ್ಬರಿಗೂ ಸೇರಿದ ಗುರಿ ಬೇಕು, ಕೂಡಿ ಮಾಡುವ ಕೆಲಸ ಬೇಕು, ಮೇಲಿನವರ ಬೆಂಬಲ ಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ್ದರು. ಆ ಅಂಗಳದಲ್ಲಿ ಬಡಿಸುವವರೂ ಉಣ್ಣುವವರೂ ಇದ್ದರು. ಉಳಿದದ್ದು ಒಂದೂ ಇರಲಿಲ್ಲ.

ಒಂದು ಪುಸ್ತಕ

ಕಾರ್ಯದರ್ಶಿಗೆ ಶಾಲೆಯಲ್ಲಿ ಕಲಿತ ಹಿಂದಿ ಇತ್ತು. ಮದ್ದು ಕಲಸುವ ಆ ತರುಣನ ಹತ್ತಿರ ಒಂದು ದಿನ ಪಂಪಿನ ವಾಷರ್ ಬದಲಿಸುತ್ತಾ ಕುಳಿತು ಕೇಳಿದರು. ಹೇಳಿದವರ ಹಣ ನಿಲ್ಲುವ ವಿಷಯ ಹೊರಬಿದ್ದದ್ದು ಆಗ. ಮತ್ತೊಂದೂ ಗೊತ್ತಾಯಿತು: ಜುಲೈಯಲ್ಲಿ "ಓಡಿಹೋದ" ಎಂಟು ಮಂದಿಯಲ್ಲಿ ಒಬ್ಬ ಅವನ ಸ್ವಂತ ಅಣ್ಣ. ಮನೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡಲು ಒಬ್ಬ ಹೋಗಬೇಕು, ಸಂಪಾದನೆಗೆ ಒಬ್ಬ ಇಲ್ಲಿರಬೇಕು. ಆ ವರ್ಷ ಅಣ್ಣನ ಸರದಿ. ಕೂಟದವರು ನಂಬಿಗಸ್ಥನೆಂದು ಹೊಗಳಿದವನೂ ಜವಾಬ್ದಾರಿಯಿಲ್ಲದವನೆಂದು ಬೈದವನೂ ಒಂದೇ ಮನೆಯ ಕೆಲಸವನ್ನು ಹಂಚಿಕೊಂಡವರು.

ಅಲ್ಲಿಂದ ಕಾರ್ಯದರ್ಶಿ ಒಂದು ನೋಟ್ ಪುಸ್ತಕ ಶುರುಮಾಡಿದರು. ಹೆಸರು, ಜಿಲ್ಲೆ, ಮನೆಯಲ್ಲಿ ಗದ್ದೆ ಉಂಟೋ, ಯಾವ ಹಬ್ಬಕ್ಕೆ ಹೋಗಲೇಬೇಕು, ಯಾವ ಕೆಲಸ ಬರುತ್ತದೆ. ಮಾಸ್ಟ್ರಿಗೆ ಇದು ಸರಿಕಾಣಲಿಲ್ಲ. "ಇದೆಲ್ಲ ನಮಗೆ ಎಂತಕ್ಕಮ್ಮ? ಕೆಲಸಕ್ಕೆ ಬರುತ್ತಾರಾ, ಇಲ್ಲವಾ, ಅಷ್ಟು ಸಾಲದಾ?" ಅವರ ಉತ್ತರ ಸಣ್ಣದಿತ್ತು: "ತೋಟಕ್ಕೆ ತರುವ ಗೊಬ್ಬರದ ಮೂಟೆಯ ಮೇಲಿನ ಅಕ್ಷರವನ್ನಾದರೂ ಓದುತ್ತೇವಲ್ಲ ಮಾಸ್ಟ್ರೇ."

ಪುಸ್ತಕ ತುಂಬಿದಾಗ "ಬಂಗಾಳಿಗಳು" ಎಂಬ ಒಂದು ಗುಂಪೇ ಇರಲಿಲ್ಲ. ಮುರ್ಷಿದಾಬಾದಿನವರು ನಿಜವಾಗಿ ಬಂಗಾಳದವರು. ಅವರಿಗೆ ಗದ್ದೆಯಿಲ್ಲ, ಈದ್ ಮತ್ತು ಬಕ್ರೀದಿಗೆ ಮನೆ ಸೇರಬೇಕು, ಜುಲೈಯಲ್ಲಿ ಇಲ್ಲಿರಲು ಅಡ್ಡಿಯೇ ಇಲ್ಲ. ಜಾರ್ಖಂಡದ ದುಮ್ಕಾ ಕಡೆಯವರು ಸಂತಾಲರು, ಮನೆಯಲ್ಲಿ ಸಂತಾಲಿ ಮಾತಾಡುವವರು, ಮಳೆ ನಂಬಿದ ತುಂಡು ಗದ್ದೆ ಇರುವವರು. ಮದ್ದಿನ ವೇಳೆಯಲ್ಲಿ ಹೋದವರಲ್ಲಿ ಹೆಚ್ಚಿನವರು ಇವರೇ. ಪಶ್ಚಿಮ ಒಡಿಶಾದವರಿಗೆ ಚೌತಿಯ ಮರುದಿನ ಬರುವ ನುವಾಖಾಯಿ, ಅಂದರೆ ಹೊಸತು ಉಣ್ಣುವ ಹಬ್ಬ, ಎಲ್ಲಕ್ಕಿಂತ ದೊಡ್ಡದು. ಇವರ ನಡುವೆ ಕೊಪ್ಪಳ ಕಡೆಯವನೊಬ್ಬ ಇದ್ದ, ಕನ್ನಡಿಗ. ಅವನೊಡನೆ ಎಲ್ಲರೂ ಹರಕುಮುರುಕು ಹಿಂದಿಯಲ್ಲಿ ಮಾತಾಡುತ್ತಿದ್ದರು. ಅವನು ಕನ್ನಡದಲ್ಲೇ ಉತ್ತರಿಸಿದಾಗ "ಈ ಬಂಗಾಳಿಗೆ ಕನ್ನಡ ಚೆನ್ನಾಗಿ ಬರುತ್ತದೆ" ಎಂದು ಒಬ್ಬರು ಮೆಚ್ಚಿಕೊಂಡಿದ್ದರಂತೆ. ಕಿವಿಯಲ್ಲಿ ಬಿದ್ದ ಕನ್ನಡವನ್ನೂ ಪಡಿಯಚ್ಚು ಕೇಳಗೊಡಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇಲ್ಲಿ ಎರಡನೆಯ ಮದ್ದು, ಅಲ್ಲಿ ನೇಜಿ. ಎರಡೂ ಒಂದೇ ಮಳೆಯ ಕೆಲಸ. ಇದು ಯಾರ ಸ್ವಭಾವದ ಪ್ರಶ್ನೆಯೂ ಆಗಿರಲಿಲ್ಲ. ಕೇಳಿದ್ದರೆ ಮೊದಲ ವರ್ಷವೇ ಗೊತ್ತಾಗುತ್ತಿತ್ತು, ಕಾಯಿಯೂ ಉಳಿಯುತ್ತಿತ್ತು.

"ನಾವು ಮಲಯಾಳಿಗಳಲ್ಲ"

ಮಾರ್ಚಿನ ಸಭೆಗೆ ಕೆಲಸದವರನ್ನೂ ಕರೆದರು. ಈ ಸಲ ಊಟಕ್ಕೆ ಅಲ್ಲ, ಮಳೆಗಾಲದ ಕೆಲಸದ ದಿನಗಳನ್ನು ಒಟ್ಟಿಗೆ ಕುಳಿತು ನಿಶ್ಚಯಿಸಲು. ಒಂದೇ ಬೆಂಚುಗಳು, ಒಂದೇ ಚಹಾ. ನಿಮಗೆ ಎಂತ ತೊಂದರೆ ಎಂದು ಕೇಳಿದಾಗ ಒಡಿಶಾದ ಒಬ್ಬ ಹಿರಿಯ ಕೆಲಸಗಾರ ಹಿಂದಿಯಲ್ಲಿ ಹೇಳಿದ: ಮಲಯಾಳಿ ಮಾಲೀಕರು ಎಲ್ಲ ಒಂದೇ. ಗಲ್ಫಿನ ಹಣ, ದೊಡ್ಡ ಮನೆ. ಕೆಲಸಕ್ಕೆ ಬಿಟ್ಟರೆ ಮಾತಿಲ್ಲ.

ಕಾರ್ಯದರ್ಶಿ ಅದನ್ನು ಕನ್ನಡಕ್ಕೆ ತಂದು ಮುಗಿಸುವ ಮೊದಲೇ ಮಾಸ್ಟ್ರು ಎದ್ದರು. "ನಾವು ಮಲಯಾಳಿಗಳಲ್ಲ." ಧ್ವನಿ ನಡುಗುತ್ತಿತ್ತು. ಮದ್ದು ಕಲಸುವ ಆ ದುಮ್ಕಾದ ತರುಣ ಸಹಜವಾಗಿ ಕೇಳಿದ: "ಮತ್ತೆ ಇದು ಕೇರಳ ಅಲ್ಲವಾ?"

ಮಾಸ್ಟ್ರು ಹೇಳುತ್ತಾ ಹೋದರು, ಕಾರ್ಯದರ್ಶಿ ಹಿಂದಿಗೆ ತರುತ್ತಾ ಹೋದರು. ತಾನು ಹುಟ್ಟಿದ್ದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಎಂಟು ವರ್ಷದವನಾಗಿದ್ದಾಗ, 1956ರ ನವೆಂಬರ್ 1ಕ್ಕೆ, ಮನೆಯಿಂದ ಒಂದು ಹೆಜ್ಜೆ ಕದಲದೆ ಕೇರಳದವನಾದದ್ದು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿಯೂ ಅದು ಕಾಗದದಲ್ಲೇ ಉಳಿದದ್ದು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಕನ್ನಡ ಮಕ್ಕಳ ಗತಿಯೇನೆಂದು ಬೀದಿಗಿಳಿದದ್ದು. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಜೀವಮಾನವೆಲ್ಲ ಚಿಕಿತ್ಸೆಗೆ ಹೋಗುತ್ತಿದ್ದ ಮಂಗಳೂರಿನ ದಾರಿ ಗಡಿಯ ತಲಪಾಡಿಯಲ್ಲೇ ನಿಂತುಹೋದದ್ದು. "ತಿರುವನಂತಪುರಕ್ಕೆ ಹೋದರೆ ನಾವು ಕರ್ನಾಟಕದವರು. ಮಂಗಳೂರಿಗೆ ಹೋದರೆ ಕೇರಳದವರು. ನಾವು ಯಾರೆಂದು ನಮ್ಮನ್ನು ಯಾರೂ ಕೇಳಿದ್ದಿಲ್ಲ."

ತರುಣ ಗಮನವಿಟ್ಟು ಕೇಳಿದ. ಆಮೇಲೆ ಹೇಳಿದ: ತಾನು ಹುಟ್ಟಿದಾಗ ತನ್ನ ಊರು ಬಿಹಾರದಲ್ಲಿತ್ತು. 2000ದಲ್ಲಿ, ತಾನು ಕೂಸಾಗಿದ್ದಾಗ, ಅದೇ ಮನೆ ಜಾರ್ಖಂಡದ್ದಾಯಿತು. ತನ್ನ ಮಾತಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ. "ಇಲ್ಲಿಗೆ ಬಂದ ಮೇಲೆ ನಾನು ಬಂಗಾಳಿ."

ಮಾಸ್ಟ್ರು ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಪುಸ್ತಕವನ್ನು ಕೇಳಿ ತೆಗೆದುಕೊಂಡು, ಅದರಲ್ಲಿ ಮನೆಮಾತಿಗೆ ಒಂದು ಅಂಕಣ ಇಲ್ಲವಲ್ಲ, ಹಾಕಬೇಕು ಎಂದರು. ತನ್ನ ಮೇಲೆ ಬಿದ್ದ ಪಡಿಯಚ್ಚಿನ ನೋವು ಗೊತ್ತಿದ್ದವರೂ ಇನ್ನೊಬ್ಬರ ಮೇಲೆ ಅದನ್ನೇ ಹೊರಿಸುತ್ತಾರೆ. ನೋವು ತಾನಾಗಿ ಕಣ್ಣು ತೆರೆಸುವುದಿಲ್ಲ. ಇಬ್ಬರ ನೋವೂ ಒಂದೇ ಬೆಂಚಿನ ಮೇಲೆ ಬಂದು ಕುಳಿತದ್ದರಿಂದ ಆ ದಿನ ಅದು ಸಾಧ್ಯವಾಯಿತು.

ಆಮೇಲೆ ಆದದ್ದು

ಕೂಲಿ ಹಿಡಿದಿಡುವ ಕ್ರಮ ನಿಂತಿತು. ಶನಿವಾರಕ್ಕೆ ಪೂರ್ತಿ ಬಟವಾಡೆ, ಅದೂ ನೇರವಾಗಿ ಕೈಗೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಂತೆ ಗುತ್ತಿಗೆದಾರ ಕೊಡಬೇಕಿದ್ದ ಪಾಸ್‌ಬುಕ್ಕಾಗಲಿ ಪ್ರಯಾಣ ಭತ್ಯೆಯಾಗಲಿ ಯಾರಿಗೂ ಸಿಕ್ಕಿರಲಿಲ್ಲ ಎಂಬುದನ್ನು ತೋರಿಸಿ ಮೇಸ್ತ್ರಿಯನ್ನು ಬಿಟ್ಟರು. ಹೊರರಾಜ್ಯದ ಕಾರ್ಮಿಕರಿಗಾಗಿ ಕೇರಳ 2017ರಲ್ಲಿ ತಂದ ಆವಾಜ್ ವಿಮೆಗೆ ಎಲ್ಲರ ಹೆಸರು ಬರೆಸಿದರು. ಊರಿಗೆ ಹೋಗುವುದನ್ನು ಹದಿನೈದು ದಿನ ಮೊದಲು ಹೇಳಿದವರಿಗೆ ರೈಲಿನ ಅರ್ಧ ಖರ್ಚು. ಸಂತಾಲರು ನೇಜಿಗೆ ಹೋಗುವ ವಾರಗಳಿಗೆ, ಬಕ್ರೀದ್ ಮುಗಿಸಿ ಬರುವ ಮುರ್ಷಿದಾಬಾದಿನವರನ್ನು ಗೊತ್ತುಮಾಡಿದರು; ಮದ್ದು ಕಲಸುವುದನ್ನು ಅವರಿಗೆ ಕಲಿಸಿದ್ದು ಹೊರಡುವ ಮೊದಲು ಆ ತರುಣನೇ. ಮುಂದಿನ ಮಳೆಗಾಲ ಎರಡನೆಯ ಮದ್ದು ಹೆಚ್ಚಿನ ತೋಟಗಳಲ್ಲಿ ಹೊತ್ತಿಗೆ ಸರಿಯಾಗಿ ಮುಗಿಯಿತು. ತಡವಾದಲ್ಲಿ ತಡೆದದ್ದು ಮಳೆ.

ಎಲ್ಲರೂ ಬದಲಾದರು ಎಂದಲ್ಲ. ಆಳುಗಳ ಜಾತಕ ಬರೆಯಲು ಕೂಟ ಯಾಕೆ ಎಂದು ಎರಡು ಮನೆಯವರು ಹೊರಗೆ ಹೋದರು. ಆಗಸ್ಟಿನಲ್ಲಿ ಒಬ್ಬ ಹೇಳದೆ ಹೋದ ಕೂಡಲೇ ಹಳೆಯ ಮಾತು ಹಾಗೆಯೇ ಎದ್ದು ಬಂತು: "ನೋಡಿ, ಹೇಳಿರಲಿಲ್ಲವಾ?" ಅವನು ಹೋದದ್ದು ಮಂಗಳೂರಿನ ಒಂದು ಕಟ್ಟಡದ ಕೆಲಸಕ್ಕೆ, ಜಾಸ್ತಿ ಕೂಲಿಗೆ. ಹಾಗೆ ಹೇಳಿದವರ ಮಗನೂ ಅದೇ ತಿಂಗಳು ಹೆಚ್ಚಿನ ಸಂಬಳಕ್ಕೆ ಬೆಂಗಳೂರಿನಲ್ಲಿ ಕಂಪೆನಿ ಬದಲಿಸಿದ್ದ. ಅದು ಮನೆಯಲ್ಲಿ ಸಂತೋಷದ ಸುದ್ದಿಯಾಗಿತ್ತು. ನಮ್ಮವರು ತಪ್ಪಿದರೆ ಪರಿಸ್ಥಿತಿ, ಅವರು ತಪ್ಪಿದರೆ ಸ್ವಭಾವ: ತೀರ್ಪು ಹೀಗೆ ವಾಲುವುದನ್ನು 1979ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಪೆಟಿಗ್ರೂ ಗುರುತಿಸಿದ್ದರು. ಸಭೆಯಲ್ಲಿ ಆ ದಿನ ಮಗನ ವಿಷಯ ಎತ್ತಿದ್ದು ಮಾಸ್ಟ್ರು. ಮಾತು ಅಲ್ಲಿಗೆ ನಿಂತಿತು, ಒಪ್ಪಿಗೆಯಾಯಿತೆಂದು ಹೇಳಲಾರೆ.

ಪುಸ್ತಕದ ಸುದ್ದಿ ಊರಿನ ಹೆಂಗಸರಿಗೂ ಮುಟ್ಟಿತು. ಉದುರಿದ ಅಡಿಕೆ ಹೆಕ್ಕಲು, ಸುಲಿಯಲು ವರ್ಷಗಳಿಂದ ಬರುವವರು. ಅವರಲ್ಲಿ ಒಬ್ಬರು ಕಾರ್ಯದರ್ಶಿಯನ್ನು ಕೇಳಿದರು: "ಅಕ್ಕಾ, ನಮ್ಮದು ಎಂತ ಬರೆದದ್ದು?" ಪುಸ್ತಕದಲ್ಲಿ ಅವರ ಸಾಲು "ಹೆಂಗಸರು, 6" ಎಂದಷ್ಟೇ ಇತ್ತು. ಪಂಪಿನ ಕೆಲಸ ಹೆಂಗಸರಿಂದಾಗದು ಎಂದು ಕೂಟದಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಮಾತು; ಕೇಳಿದವರು ತನ್ನ ಮನೆಯ ಡೀಸೆಲ್ ಪಂಪನ್ನು ಗಂಡ ತೀರಿಕೊಂಡ ಮೇಲೆ ತಾನೇ ಬಿಚ್ಚಿ ಜೋಡಿಸಿಕೊಂಡು ಬಂದವರು. ಈಗ ಆರು ಹೆಸರುಗಳೂ ಪುಸ್ತಕದಲ್ಲಿವೆ. ಈ ಮಳೆಗಾಲದ ಮದ್ದಿಗೆ ಅವರಲ್ಲಿ ಇಬ್ಬರು ಪಂಪಿನ ಹತ್ತಿರ ನಿಲ್ಲುತ್ತಾರೆ. ಅವರಿಗೆ ಗಂಡಸರ ಕೂಲಿಯೇ ಕೊಡಬೇಕೆಂಬ ಠರಾವು ಮುಂದಿನ ಸಭೆಗೆ ಬರಲಿದೆ; ಅದನ್ನು ಮಂಡಿಸುವವರು ಕಾರ್ಯದರ್ಶಿ, ವಿರೋಧಿಸುವವರು ಸುಮಾರು ಮಂದಿ ಇದ್ದಾರೆ.